ಇಂಜಿನ್ನಿನ ತಲೆಯ ಮೇಲಿನ ಇರುವೆಗಳು

ಕಾಸಿಂಬಿಯ ಶಾವಿಗೆ ಅರ್ಧ ಇಳಿದಿತ್ತು. ಇನ್ನರ್ಧ ಹಿಟ್ಟು ಮಷಿನ್ನಿನ ಹೊಟ್ಟೆಯಲ್ಲೇ ಇರುವಾಗ ಕರೆಂಟು ಹೋಯಿತು.

ಬೇಸಿಗೆಯಲ್ಲಿ ಕಮತಗಿಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಊರಿನ ಉಳಿದ ಗಿರಣಿಗಳವರು ಬಾಗಿಲು ಮುಂದೆ ಮಾಡಿಕೊಂಡು ಊಟಕ್ಕೆ ಹೋಗಿಬಿಡುತ್ತಾರೆ. ಸುನಂದಾಳ ಗಿರಣಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಮೋಟಾರಿನ ಪಕ್ಕಕ್ಕೇ ಮಾವ ಅಮಾತೆಪ್ಪನ ಕಾಲದ ಹಳೆಯ ಡೀಸಲ್ ಇಂಜಿನ್ನು ಕುಳಿತಿದೆ. ಪಟ್ಟಾ ಬದಲಿಸಿ, ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು. ಅದರ ಕುಕ್ ಕುಕ್ ಸದ್ದು ಊರಾಚೆಯ ಹೊಲದವರೆಗೆ ಕೇಳುತ್ತಿತ್ತು. ಆ ಸದ್ದು ಕೇಳಿಯೇ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು.

"ಸುನಂದಕ್ಕಾ, ಲಗೂ ಮಾಡ. ಹಿಟ್ಟ ಒಣಗಿ ಕಲ್ಲ ಆತಂದ್ರ ನಮ್ಮತ್ತಿ ನನ್ನ ತಲಿ ಮ್ಯಾಲ ಒಡೀತಾಳ" ಎಂದಳು ಕಾಸಿಂಬಿ.

"ನಿಮ್ಮತ್ತಿ ಹ್ವಾಗಿ ಎಷ್ಟ ವರ್ಷ ಆತು?"

"ಹ್ವಾದ್ರೇನಾತು? ಬಿಡೂ ಪೈಕಿ ಅಲ್ಲ ಆಕಿ. ಕನಸಿನ್ಯಾಗ ಬಂದು ಶಾವಿಗಿ ಎಣಸ್ತಾಳ."

ಸುನಂದಾ ನಗುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಂಜಿನ್ನಿನ ತಲೆಯ ಮೇಲೆ ಒಂದು ಸಾಲು ಕೆಂಪಿರುವೆ ಹರಿಯುತ್ತಿತ್ತು. ಇವಕ್ಕೆ ಡೀಸಲ್ ವಾಸನೆಯೂ ಆಗಿಬರುತ್ತದಲ್ಲ ಎಂದುಕೊಂಡು ಅರಿವೆಯಿಂದ ಒರೆಸಿ ಹಾಕಿದಳು. ಹ್ಯಾಂಡಲ್ ಹಿಡಿದು ಸುತ್ತಿದಳು. ದೊಡ್ಡ ಚಕ್ರ ವೇಗ ಹಿಡಿಯಿತು. ಇಂಜಿನ್ನು ಒಂದು ಸಲ ಕುಕ್ ಎಂದಿತು. ಮರುಗಳಿಗೆಗೆ ಟಣ್ ಎಂದು ಏನೋ ಕಬ್ಬಿಣ ಸಿಡಿದಂತಾಗಿ, ಮೇಲಿನ ಕೊಳವೆಯಿಂದ ಹೋಗಬೇಕಾದ ಹೊಗೆ ಗಾಳಿ ಎಳೆಯುವ ಬಾಯಿಯಿಂದಲೇ ಭಸ್ಸನೆ ಹಿಂದಕ್ಕೆ ನುಗ್ಗಿತು. ಆಮೇಲೆ ಮೌನ.

ಸುನಂದಾ ಹ್ಯಾಂಡಲ್ ಕೆಳಗಿಟ್ಟಳು. ಈ ಸದ್ದು ಅವಳಿಗೆ ಹೊಸದಲ್ಲ. ದೀಪಾವಳಿ ಮುಗಿದ ಮೇಲೆ ಒಮ್ಮೆ ಹೀಗೇ ಆಗಿತ್ತು.

"ಮತ್ತ ಅದಽ ಆತೇನ?" ಕಾಸಿಂಬಿಯ ದನಿ ತಗ್ಗಿತು. "ಅಮಾತೆಪ್ಪ ಕಾಕಾ ಹ್ವಾದಾಗಿಂದ ಇದು ಒಲ್ಲೆ ಅನ್ನಾಕತ್ತೈತಿ ನೋಡ. ಮನಷ್ಯಾನ ಕೂಡ ಇದ್ದ ಕಬ್ಬಿಣಕ್ಕೂ ಜೀವ ಇರತೈತಿ."

ಆ ಮಾತನ್ನು ಊರವರೆಲ್ಲ ಆಡುತ್ತಿದ್ದರು. ಗಂಡ ಅಮರೇಶನದು ಮಾತ್ರ ಬೇರೆ ಮಾತು. "ಅಪ್ಪನ ಕೈಯಾಗ ನಲವತ್ತ ವರ್ಷ ಬಾಗಲಾರದ ರಾಡು ನಿನ್ನ ಕೈಯಾಗ ಬಾಗತೈತಿ ಅಂದ್ರ ಏನರ್ಥ? ಹ್ಯಾಂಡಲ್ ಹಿಡಿಯೂದು ಹೆಂಗಸರ ಕೆಲಸ ಅಲ್ಲ." ದೀಪಾವಳಿಯಲ್ಲೇ ಅವನು ಹೇಳಿದ್ದ. ಇನ್ನೊಮ್ಮೆ ಹೀಗಾದರೆ ಇಂಜಿನ್ನನ್ನು ಗುಜರಿಗೆ ಹಾಕುವುದೇ ಸೈ. ಹುನಗುಂದದಲ್ಲಿ ಅವನ ಬೀಜ ಗೊಬ್ಬರದ ಅಂಗಡಿ. ಗಿರಣಿಯ ಕೋಣೆ ಖಾಲಿಯಾದರೆ ಗೊಬ್ಬರದ ಚೀಲ ಒಟ್ಟಲು ಆಗುತ್ತದೆ. ಇಂಜಿನ್ನು ಹೋದರೆ ಗಿರಣಿಯೂ ಹೋದಂತೆಯೇ. ಬರೀ ಕರೆಂಟಿನ ಗಿರಣಿ ಊರಲ್ಲಿ ಬೇಕಾದಷ್ಟಿವೆ, ಇವರದಕ್ಕಿಂತ ಹೊಸವು.

ಕಾಸಿಂಬಿಯ ಹಿಟ್ಟನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಟ್ಟು ಕಳಿಸಿದ ಸುನಂದಾ, ಒಬ್ಬಳೇ ಇಂಜಿನ್ನಿನ ಮುಂದೆ ನಿಂತಳು.

ಅದರ ಪಕ್ಕೆಯಲ್ಲಿ ಬೆರಳು ದಪ್ಪದ ಎರಡು ಸರಳುಗಳು ನೆಟ್ಟಗೆ ನಿಂತಿರುತ್ತವೆ. ಅವೇ ಪುಷ್ ರಾಡುಗಳು. ಕೆಳಗಿನಿಂದ ಇಂಜಿನ್ನು ಇವನ್ನು ಮೇಲಕ್ಕೆ ನೂಕುತ್ತದೆ. ಮೇಲೆ ತಕ್ಕಡಿ ದಂಡಿಯಂಥ ಒಂದು ತುಂಡು ಇದೆ, ರಾಕರ್ ಅಂತ. ಸರಳು ಅದರ ಒಂದು ತುದಿಯನ್ನು ಎತ್ತಿದರೆ ಇನ್ನೊಂದು ತುದಿ ಬಗ್ಗಿ ಬಾಯಿಯ ಮುಚ್ಚಳದಂಥ ವಾಲನ್ನು ಒತ್ತುತ್ತದೆ, ಬಾಯಿ ತೆರೆಯುತ್ತದೆ. ಒಂದು ಸರಳು ಗಾಳಿ ಒಳಗೆ ಬರುವ ಬಾಯಿಗೆ, ಇನ್ನೊಂದು ಹೊಗೆ ಹೊರಗೆ ಹೋಗುವ ಬಾಯಿಗೆ. ಇದನ್ನೆಲ್ಲ ಅವಳಿಗೆ ಕಲಿಸಿದವನು ಮಾವನೇ. ಮೊಣಕಾಲು ನೋವು ಬಂದು ಹ್ಯಾಂಡಲ್ ತಿರುಗಿಸಲು ಆಗದಂತಾದಾಗ ಅವನು ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂತ. "ಅಮರೇಶಗ ಕಿವಿ ಇಲ್ಲ. ನಿನಗೈತಿ. ನೀ ಹಿಡಿ" ಎಂದ. ಮೊದಲ ದಿನ ಇಂಜಿನ್ನು ಅವಳ ಕೈಯಲ್ಲಿ ಹಿಡಿದಾಗ, ಶಿರೂರಿನ ತವರಿನಲ್ಲಿ ಎತ್ತಿನ ಗಾಡಿ ಹೊಡೆಯಲು ಹಟ ಮಾಡುತ್ತಿದ್ದ ಹುಡುಗಿ ಎಷ್ಟೋ ವರ್ಷದ ಮೇಲೆ ಅವಳೊಳಗೆ ಎದ್ದು ಕೂತಿದ್ದಳು.

ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಮರೇಶ 'ಏ' ಅನ್ನುತ್ತಾನೆ. ಬಾಗಲಕೋಟೆಯ ಹಾಸ್ಟೆಲ್ಲಿನಿಂದ ಫೋನು ಮಾಡುವ ಮಗಳು 'ಅವ್ವಾ' ಅನ್ನುತ್ತಾಳೆ. ಗಿರಣಿಯ ಹೊಸ್ತಿಲು ದಾಟಿದರೆ ಅವಳು ಗಿರಣಿ ಸುನಂದಕ್ಕ. ಆ ಹೆಸರು ಅವಳು ದುಡಿದು ಗಳಿಸಿದ್ದು. ಈಗ ಅದು ಗೊಬ್ಬರದ ಚೀಲದ ಕೆಳಗೆ ಹೋಗಿಬಿಡುವುದಿತ್ತು.

ಅವಳು ಪಾನಾ ತೆಗೆದುಕೊಂಡು ಮೇಲಿನ ನಟ್ಟು ಸಡಿಲಿಸಿ ಎರಡೂ ಸರಳು ಹೊರಗೆಳೆದಳು. ಕಣ್ಣಿಗೆ ಎರಡೂ ನೆಟ್ಟಗೇ ಕಂಡವು. ಆದರೆ ಕಣ್ಣನ್ನು ನಂಬಬಾರದು ಎಂದು ಮಾವ ಹೇಳಿದ್ದ. ಮನೆಗೆ ಬಂದು ಅಡಿಗೆಮನೆಯ ಕಟ್ಟೆಯನ್ನು ಒರೆಸಿದಳು. ಇಳಕಲ್ಲಿನ ಕೆಂಪು ಕಲ್ಲಿನ ಕಟ್ಟೆ ಅದು. ಪಾಲಿಶ್ ಹೊಡೆದು ಕನ್ನಡಿಯಂತಿತ್ತು, ಒಂದು ಸಾಸಿವೆಯಷ್ಟೂ ಏರುತಗ್ಗಿಲ್ಲ. ಮೊದಲ ಸರಳನ್ನು ಅದರ ಮೇಲೆ ಉರುಳಿಸಿದಳು. ಅದು ಸದ್ದಿಲ್ಲದೆ ಸರ್ರನೆ ಉರುಳಿತು. ಎರಡನೆಯದು, ಹೊಗೆಯ ಬಾಯಿಯದು, ಕಟಕಟ ಎಂದು ಕುಂಟುತ್ತ ಹೋಯಿತು. ನಡುವೆ ಬಾಗಿತ್ತು. ಕಲ್ಲಿಗೂ ಸರಳಿಗೂ ನಡುವಿನ ಸಂದಿಯಲ್ಲಿ ಬೆಳಕು ಒಮ್ಮೆ ತೆರೆದು ಒಮ್ಮೆ ಮುಚ್ಚಿತು.

"ಮತ್ತ ಬಾಗೇತೇನು?" ಬಾಗಿಲಲ್ಲಿ ಅತ್ತೆ ಇಂದ್ರಾಬಾಯಿ ನಿಂತಿದ್ದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮೊರ.

"ಹೂಂನ್ರಿ ಅತ್ತಿ. ಅದಽ ರಾಡು."

"ನಾ ಅಮಾಸಿ ತಪ್ಪದ ಪೂಜಿ ಮಾಡಾಕತ್ತೇನಿ. ಮೊದಲಿನಕಿಂತ ಹೆಚ್ಚಿಗೀನಽ ಮಾಡಾಕತ್ತೇನಿ. ಆದ್ರೂ ಹಿಂಗ್ಯಾಕವ್ವಾ?" ಮುದುಕಿಯ ದನಿಯಲ್ಲಿ ಪ್ರಶ್ನೆಗಿಂತ ಅಂಜಿಕೆಯೇ ಹೆಚ್ಚಿತ್ತು.

ಸುನಂದಾ ಸರಳನ್ನು ಎತ್ತಿಟ್ಟಳು. ಅಂದು ಸಂಜೆ ಅಮರೇಶ ಸುದ್ದಿ ಕೇಳಿಕೊಂಡ. ಊಟದ ನಡುವೆ, "ಗುಜರಿಯಂವಗ ಹೇಳೇನಿ. ಸೋಮಾರ ಬರ್ತಾನ" ಎಂದ ಅಷ್ಟೇ.

ಸೋಮವಾರಕ್ಕೆ ಇನ್ನೂ ಕೆಲವು ದಿನವಿತ್ತು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಬಾಗಿದ ಸರಳನ್ನು ಟವೆಲಿನಲ್ಲಿ ಸುತ್ತಿಕೊಂಡು ಸುನಂದಾ ಇಳಕಲ್ಲಿನ ಬಸ್ಸು ಹತ್ತಿದಳು. ತೊಡೆಯ ಮೇಲಿನ ಗಂಟು ನೋಡಿ ಕಂಡಕ್ಟರು, "ಏನ್ರಿ ಅಕ್ಕಾರ, ಲಟ್ಟಣಿಗಿ ತಗೊಂಡ ಎಲ್ಲಿಗೆ ಹೊಂಟ್ರಿ? ಸಾಹೇಬ್ರು ಇಳಕಲ್ಲಿನ್ಯಾಗ ಅದಾರೇನು?" ಎಂದ. ಸುತ್ತಲಿನವರು ನಕ್ಕರು. ಅವಳೂ ನಕ್ಕಳು. ಹುನಗುಂದದಲ್ಲಿ ಬಸ್ಸು ನಿಂತಾಗ ಮಾತ್ರ, ಗಂಡನ ಅಂಗಡಿಯ ಕಡೆಗೆ ಮುಖ ಕಾಣದಂತೆ ಸೆರಗನ್ನು ಸ್ವಲ್ಪ ಎಳೆದುಕೊಂಡಳು.

ಶ್ರೀಶೈಲನ ಗ್ಯಾರೇಜು ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ. ಪಕ್ಕದಲ್ಲಿ ಕಲ್ಲು ಕೊಯ್ಯುವ ಕಾರಖಾನೆ, ಅದರ ಕೆಂಪು ಧೂಳು ಅವನ ಮೀಸೆಯ ಮೇಲೂ ಕೂತಿತ್ತು. ದೀಪಾವಳಿಯಲ್ಲಿ ರಾಡು ಬದಲಿಸಿದವನು ಅವನೇ. ಬಾಯಿತುಂಬ ಎಲೆ ಅಡಿಕೆ, ಅದಕ್ಕಿಂತ ಹೆಚ್ಚು ಮಾತು.

"ಹೊಸಾ ರಾಡ್ ಆರ ತಿಂಗಳದಾಗ ಬಾಗಿಸಿಕೊಂಡ ಬಂದೀರಿ. ಅಕ್ಕಾರ, ಖರೆ ಹೇಳ್ರಿ, ಇದರ್ಲೆ ಸಾಹೇಬ್ರನ್ನ ಹೊಡದ್ರೇನು?"

"ಹೊಡದಿದ್ರ ಮುರೀತಿತ್ತು. ಬಾಗೂದಿಲ್ಲ ಅವರ ತಲಿ ಮ್ಯಾಲ."

ಶ್ರೀಶೈಲ ಜೋರಾಗಿ ನಕ್ಕ. ಆಮೇಲೆ ಸರಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ನಗು ನಿಂತಿತು. "ಅದಽ ಬಾಯಿದು. ಅಲ್ಲೇ ಬಾಗೇತಿ. ಹ್ವಾದ ಸಲ ನಾ ತಪ್ಪ ಮಾಡೇನ್ರಿ. ಹಳೇ ಇಂಜಿನ್ನ, ಹೊಗಿ ಕರಿ ಹಿಡದಿರಬೇಕು ಅಂತ ಬಡದು ಡೀಸಲ್ ಹಾಕಿ ಬಂದ್ನಿ. ರಾಡು ತಾನಾಗೇ ಬಾಗೂದಿಲ್ಲ. ಅದು ನೂಕೂ ವಾಲು ಜಾಗಾ ಬಿಡಾಕ ಒಲ್ಲೆ ಅಂದಾಗ ಬಾಗತೈತಿ. ಕೆಳಗಿಂದ ನೂಕ ಅಂತಾರ, ಮ್ಯಾಲಿಂದ ಬರಬ್ಯಾಡ ಅಂತಾರ. ನಡುವ ನಿಂತಾಂವ ಏನ ಮಾಡಬೇಕು?"

"ಅಂದ್ರ ಹ್ಯಾಂಡಲ್ ಹೊಡದ ಕೈದ ತಪ್ಪಲ್ಲ?"

"ಕೈಗೂ ಇದಕ್ಕೂ ಏನ ಸಂಬಂಧ? ನೀವ ಹೊಡೀರಿ, ನಾ ಹೊಡೀಲಿ, ಅದು ಬಾಗೂದಽ."

ಸುನಂದಾ ಖಾಲಿ ಟವೆಲು ಮಡಚಿಕೊಂಡು ಎದ್ದಳು. ಮಧ್ಯಾಹ್ನ ಎರಡು ಹೊಸ ಸರಳು ಹಿಡಿದುಕೊಂಡು ಶ್ರೀಶೈಲ ತನ್ನ ಮೋಟರ್‌ಸೈಕಲ್ಲಿನಲ್ಲಿ ಕಮತಗಿಗೆ ಬಂದಾಗ, ಅವಳು ಆಗಲೇ ಬಂದು ಗಿರಣಿಯ ಬಾಗಿಲು ತೆರೆದಿದ್ದಳು.

ಅವನು ರಾಕರನ್ನು ಬಿಚ್ಚಿದ. ಹೊಗೆಯ ವಾಲಿನ ಸ್ಪ್ರಿಂಗು ತೆಗೆದ. ವಾಲಿನ ಕಡ್ಡಿ ಕೈಯಲ್ಲಿ ಒತ್ತಿದರೆ ಇಳಿಯಬೇಕು, ಇಳಿಯಲಿಲ್ಲ. ಕಟ್ಟಿಗೆಯ ತುಂಡಿಟ್ಟು ಬಡಿಯಬೇಕಾಯಿತು. ತಲೆ ಬಿಚ್ಚಿ ಕಡ್ಡಿ ಹೊರಗೆ ತೆಗೆದಾಗ ಇಬ್ಬರೂ ಬಗ್ಗಿ ನೋಡಿದರು. ತುಕ್ಕಿನ ಕೆಂಪು, ಅದರ ಮೇಲೆ ಬೆಲ್ಲದ ಪಾಕ ಒಣಗಿದಂಥ ಕಂದು ಜಿಗಿ.

"ಇದು ಎಣ್ಣಿ ಜಿಗಿ ಅಲ್ಲ" ಎಂದ ಶ್ರೀಶೈಲ. ಮೂಸಿದ. ಆಮೇಲೆ ಎಲೆ ಅಡಿಕೆ ಉಗುಳಿ ಬಂದು, ಬೆರಳ ತುದಿಗೆ ಸವರಿಕೊಂಡು ನಾಲಗೆಗೆ ಮುಟ್ಟಿಸಿಯೇಬಿಟ್ಟ. "ಸೀ ಐತ್ರಿ! ಹಿಂದ ಒಂದೀಟ ಉಪ್ಪೂ ಐತಿ. ಯಾರರೆ ಇದರ ಮ್ಯಾಲ ಚಾ ಇಡ್ತಾರೇನು?"

"ಇಲ್ಲ."

"ಮತ್ತ ಸೀನೀರ ಎಲ್ಲಿಂದ ಬರ್ತೈತಿ? ದಿನಾ ಓಡೂ ಇಂಜಿನ್ನಿಗೆ ಇದೇನ ಮಾಡೂದಿಲ್ಲ, ಕಾವಿಗೆ ಸುಟ್ಟ ಹೋಗತೈತಿ. ಎಂಟತ್ತ ದಿನ ಕರೆಂಟ್ ಚಲೋ ಇತ್ತು, ಇದು ಸುಮ್ನ ಕುಂತಿತು ಅಂದ್ರ ವಾಲನ್ನ ಗಪ್ ಅಂತ ಹಿಡೀತೈತಿ."

ಸುನಂದಾಳ ಕಣ್ಣು ಇಂಜಿನ್ನಿನ ತಲೆಯ ಮೇಲಿನ ವಿಭೂತಿಯ ಮೂರು ಗೆರೆಗಳ ಮೇಲೆ ನಿಂತಿತ್ತು. ಗೆರೆಯ ಕೆಳಗೆ, ಬೋಲ್ಟಿನ ಸಂದಿಯಲ್ಲಿ, ತೆಂಗಿನಕಾಯಿಯ ಜುಂಗಿನ ಒಂದೆಳೆ. ಅದರ ಪಕ್ಕಕ್ಕೆ, ನಿನ್ನೆ ಒರೆಸಿ ಹಾಕಿದ ದಾರಿಯಲ್ಲೇ, ಕೆಂಪಿರುವೆಗಳು ಮತ್ತೆ ಸಾಲು ಹಿಡಿದಿದ್ದವು.

ಪ್ರತಿ ಅಮಾವಾಸ್ಯೆಗೆ ಗಿರಣಿ ಬಂದ್. ಅಂದು ಇಂಜಿನ್ನಿಗೆ ಪೂಜೆ. ತಲೆಯ ಮೇಲೆಯೇ ಕಾಯಿ ಒಡೆದು, ನೀರನ್ನು ಅಲ್ಲೇ ಸುರಿಯುವುದು ಪದ್ಧತಿ. ಯುಗಾದಿ ಅಮಾವಾಸ್ಯೆಗೆ ಅತ್ತೆ ಒಂದಲ್ಲ, ಎರಡು ಕಾಯಿ ಒಡೆದಿದ್ದಳು.

"ನೋಡ್ತೇನಿ ಬಿಡು" ಎಂದಳು ಸುನಂದಾ.

"ನೋಡ್ರಿ. ಇಲ್ಲಾಂದ್ರ ಇವೂ ಬಾಗತಾವ." ಶ್ರೀಶೈಲ ಕಡ್ಡಿಯನ್ನು ತಿಕ್ಕಿ ಬೆಳ್ಳಗೆ ಮಾಡಿದ. ಗಾಳಿಯ ಬಾಯಿಯ ಸರಳು ನೆಟ್ಟಗಿದ್ದರೂ ಅದರ ತಲೆಯ ಬಟ್ಟಲು ಸವೆದು ಅಂಚು ತೆಳುವಾಗಿತ್ತು, ಅದನ್ನೂ ಬದಲಿಸಿದ. ಹೊಸ ಸರಳುಗಳನ್ನು ಹಳೆಯವುಗಳ ಪಕ್ಕ ನಿಲ್ಲಿಸಿ ಉದ್ದ ತಾಳೆ ನೋಡಿ, ಕೂಡಿಸಿ, ರಾಕರಿನ ಕೆಳಗೆ ತೆಳು ಪತ್ತಿ ತೂರಿಸಿ ಸಂದು ಹೊಂದಿಸಿದ. ಲಗ್ನಪತ್ರಿಕೆಯ ದಪ್ಪದಷ್ಟು ಸಂದು. ಕಾವಿಗೆ ಕಬ್ಬಿಣ ಬೆಳೆಯುತ್ತದೆ, ಅದಕ್ಕೂ ಜಾಗ ಬೇಕು. ಸುನಂದಾ ಹ್ಯಾಂಡಲ್ ಹೊಡೆದಳು. ಇಂಜಿನ್ನು ಮುನಿಸು ಮರೆತ ಮಗುವಿನಂತೆ ಕುಕ್ ಕುಕ್ ಎಂದಿತು.

ಶ್ರೀಶೈಲ ಹೋದ ಸ್ವಲ್ಪ ಹೊತ್ತಿಗೆ, ಅವನು ಹುನಗುಂದ ದಾಟುವುದನ್ನು ಕಂಡ ಅಮರೇಶನ ಫೋನು ಬಂತು.

"ಏನಂದಾ?"

"ರಾಡ್ ಹಾಕ್ಯಾನ್ರಿ. ಚಾಲೂ ಆಗೇತಿ."

"ಯಾಕ ಬಾಗಿತ್ತಂತ?"

ಹೇಳಿಬಿಟ್ಟರೆ ಮುಗಿಯಿತು. ನಿಮ್ಮವ್ವನ ತೆಂಗಿನಕಾಯಿಯಿಂದ ಬಾಗಿತ್ತು, ನನ್ನ ಕೈಯಿಂದಲ್ಲ. ಎರಡು ಮಾತು. ಆ ಎರಡು ಮಾತಿಗೆ ಅವಳ ನಾಲಗೆ ತುದಿಗಾಲಲ್ಲಿ ನಿಂತಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಬೇರೆ. ಮಾವ ಹೋದ ಮೇಲೆ ಇಂದ್ರಾಬಾಯಿ ಮನೆಯಲ್ಲಿ ಏನನ್ನೂ ಕೇಳಿದವಳಲ್ಲ. ಯಾರದೋ ಮನೆಯ ಮುತ್ತೈದೆಯರ ಕೂಟಕ್ಕೂ ಹೋಗುವುದನ್ನು ತಾನಾಗೇ ಬಿಟ್ಟಳು. ಅಮಾವಾಸ್ಯೆಯ ಬೆಳಗ್ಗೆ ಮಾತ್ರ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಗಿರಣಿಗೆ ಒಬ್ಬಳೇ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಒಳಗೆ ಏನೋ ಮಾತಾಡುವ ಸದ್ದು ಕೇಳುತ್ತಿತ್ತು. ಹೊರಗೆ ಬಂದಾಗ ಮುಖ ತೊಳೆದ ಹಾಗಿರುತ್ತಿತ್ತು. ಅದನ್ನು ಅಮರೇಶನ ಬಾಯಿಗೆ ಹಾಕಿದರೆ, 'ಯವ್ವಾ, ನೀ ಇನ್ನ ಆ ಕಡೆ ಹೋಗಬ್ಯಾಡ' ಎಂಬ ಒಂದು ಮಾತಿನಲ್ಲಿ ಅವನು ಮುಗಿಸುತ್ತಾನೆ. ಹೇಳದಿದ್ದರೆ, ಮುಂದಿನ ಅಮಾವಾಸ್ಯೆಗೆ ಮತ್ತೆ ಎರಡು ಕಾಯಿ.

"ಹಳೇದಲ್ರೀ" ಎಂದಳು.

"ಹಳೇದಲ್ಲ, ನಿನ್ನ ಕೈ" ಎಂದು ಅವನು ಫೋನಿಟ್ಟ.

ಸಂಜೆ ಹಿತ್ತಲಲ್ಲಿ ಇಂದ್ರಾಬಾಯಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಸುನಂದಾ ಹೋಗಿ ಎದುರಿಗೆ ಕೂತು ತಾನೂ ಮುರಿಯತೊಡಗಿದಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಕಡೆಗೆ ಕೇಳಿದಳು: "ಅತ್ತಿ, ಇಂಜಿನ್ನಿಗೆ ಕಾಯಿ ಒಡಿಯೂದು ಯಾವಾಗಿಂದ ಬಂತ್ರಿ?"

"ಅದು ನನ್ನ ಹರಕಿ" ಎಂದಳು ಇಂದ್ರಾಬಾಯಿ. "ಇಂಜಿನ್ನ ತಂದ ಹೊಸದಾಗಿ ಹ್ಯಾಂಡಲ್ ತಿರುಗಿ ಬಡದು ನಿಮ್ಮ ಮಾವನ ಮುಂಗೈ ಮುರೀತು. ಆಗ ಅಮರೇಶ ನನ್ನ ಹೊಟ್ಟ್ಯಾಗ ಇದ್ದ. ಬಾದಾಮಿ ಬನಶಂಕರಿಗೆ ಹೋಗಿ ಬೇಡಿಕೊಂಡ್ನಿ. ತಾಯಿ, ಇದು ಇನ್ನ ಮ್ಯಾಲ ಅವನ ಮೈಗೆ ಬರಬಾರದು, ಅಮಾಸಿಗೊಂದು ಕಾಯಿ ಅದರ ತಲಿ ಮ್ಯಾಲ ಒಡಸ್ತೇನಿ, ನೀರು ಅಲ್ಲೇ ಹಾಕಸ್ತೇನಿ ಅಂತ."

"ಮಾವಾರು ಮಾಡ್ತಿದ್ರು?"

"ಒಂದ ಅಮಾಸಿ ತಪ್ಪಲಿಲ್ಲ." ಮುದುಕಿ ಒಂದು ತೊಟ್ಟನ್ನು ಮುರಿದು ಎಸೆದಳು. ಮುಖದಲ್ಲಿ ಏನೋ ಹಳೆಯದೊಂದು ಕದಲಿತು. "ಅವನ ಪೂಜಿ ಭಾಳ ಬ್ಯಾರೆ ಇತ್ತವ್ವ. ತನ್ನ ತಲಿ ಮ್ಯಾಲಿನ ರುಮಾಲ ಬಿಚ್ಚಿ ಇಂಜಿನ್ನಿನ ತಲಿಗೆ ಸುತ್ತತಿದ್ದ. ಸುತ್ತಿ ಆಮ್ಯಾಲ ಕಾಯಿ. ಯಾಕ ಅಂತ ಕೇಳಿದ್ರ, ಅದು ಮನಿ ಹಿರ್ಯಾ, ನನಗಿಂತ ಅದಕ್ಕ ಮರ್ಯಾದಿ ಹೆಚ್ಚು ಅಂತಿದ್ದ. ನನಗ ಎಷ್ಟ ಸಿಟ್ಟ ಬರ್ತಿತ್ತು ಗೊತ್ತೈತಿ? ನನ್ನ ಮುಂದ ಎಂದೂ ಬರೀ ತಲೀಲೆ ನಿಲ್ಲದಾಂವ ಆ ಕಬ್ಬಿಣದ ಮುಂದ ನಿಂತಿರ್ತಿದ್ದ. ಮ್ಯಾಲ, ಆ ರುಮಾಲ ನನಗ ಒಗಿಯಾಕ ಸೈತ ಕೊಡ್ತಿದ್ದಿಲ್ಲ. ತಾನಽ ಒಗದ ಒಣ ಹಾಕ್ತಿದ್ದ."

ಸುನಂದಾಳ ಕೈ ಮೆಣಸಿನಕಾಯಿಯ ಮೇಲೆ ನಿಂತುಹೋಯಿತು.

"ಈಗ ನೀವು ರುಮಾಲ ಸುತ್ತೂದಿಲ್ಲ?"

"ನಾ ಯಾಕ ಸುತ್ತಲಿ? ಅದು ಅವನ ತಲೀದು. ಟ್ರಂಕಿನ್ಯಾಗ ಇಟ್ಟೇನಿ. ರುಮಾಲ ಇಲ್ಲಂತ ಇಂಜಿನ್ನಿಗೆ ಬ್ಯಾಸರ ಆಗಬಾರದಂತ ಎರಡ ಕಾಯಿ ಒಡೀತೇನಿ."

ಬೇಲಿಯಾಚೆ ಯಾರದೋ ಎಮ್ಮೆ ಕೂಗಿತು. ಸುನಂದಾ ಒಳಗೆ ಹೋಗಿ, ಶ್ರೀಶೈಲ ಬಿಟ್ಟುಹೋಗಿದ್ದ ಬಾಗಿದ ಸರಳನ್ನೂ ವಾಲಿನ ಜಿಗಿ ಒರೆಸಿದ್ದ ಅರಿವೆಯನ್ನೂ ತಂದು ಅತ್ತೆಯ ಮುಂದಿಟ್ಟಳು. ಸುತ್ತಿ ಬಳಸಿ ಹೇಳಲಿಲ್ಲ. ವಾಲು ಯಾಕೆ ಹಿಡಿಯಿತು, ಸರಳು ಯಾಕೆ ಬಾಗಿತು, ಇರುವೆ ಯಾಕೆ ಬಂದವು, ಮೆಲ್ಲನೆ ಒಂದೊಂದನ್ನೇ ಹೇಳಿದಳು. ಇಂದ್ರಾಬಾಯಿ ಅರಿವೆಯನ್ನು ಮೂಗಿಗೆ ಹಿಡಿದಳು. ಸರಳನ್ನು ಎತ್ತಿ ತೊಡೆಯ ಮೇಲೆ ಉರುಳಿಸಿದಳು.

"ಅಂದ್ರ ನಾನಽ ಮುರದೇನಿ?"

"ಮುರದಿಲ್ರಿ. ಬರೀ ಬಾಗೇತಿ."

"ಆ ರುಮಾಲ..." ಮುದುಕಿ ತಡೆದಳು. ಕಣ್ಣು ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗದ ಕಡೆಗೆ ಹೋಯಿತು. "ನೀರ ಒಳಗ ಇಳೀಬಾರದಂತ ಸುತ್ತತಿದ್ನೇನು?"

ಸುನಂದಾ ಹೌದೆಂದು ತಲೆಯಾಡಿಸಿದಳು.

"ಬಾಯಿ ಬಿಟ್ಟು ಹೇಳಬಾರದಾಗಿತ್ತೇನ ಆ ಮನಷ್ಯಾ? ನೀರ ಹಾಕಬ್ಯಾಡ, ಕೆಡತೈತಿ ಅಂತ?"

"ಹೇಳಿದ್ರ ನೀವು ಕೇಳ್ತಿದ್ರೇನ್ರಿ?"

ಇಂದ್ರಾಬಾಯಿಯ ಹೊಟ್ಟೆಯಿಂದ ಒಂದು ನಗು ಎದ್ದು ಬಂತು. ಹೋದ ಶ್ರಾವಣದಿಂದ ಆ ಮನೆಯಲ್ಲಿ ಕೇಳದಿದ್ದ ನಗು. "ಎಲ್ಲಿ ಕೇಳ್ತಿದ್ನಿ? ದೇವರ ಹರಕಿಗೆ ಅಡ್ಡ ಬರ್ತಿ ಅಂತ ಊರ ಒಂದ ಮಾಡ್ತಿದ್ನಿ. ತವರಿಗೇ ಹೋಗಿಬಿಡ್ತಿದ್ನಿ ಕಲಾದಗಿಗೆ." ನಗುತ್ತ ನಗುತ್ತ ಕಣ್ಣು ಒದ್ದೆಯಾದವು. ಒರೆಸಿಕೊಳ್ಳಲು ಹೋಗಿ ಮೆಣಸಿನಕಾಯಿಯ ಕೈಯೆಂಬುದು ನೆನಪಾಗಿ ತೋಳಿನಿಂದ ಒರೆಸಿಕೊಂಡಳು. "ನಾ ಆ ಕಬ್ಬಿಣದ ಮ್ಯಾಲ ಹೊಟ್ಟೀಕಿಚ್ಚ ಪಟ್ಟೇನವ್ವ. ಇಡೀ ಜನ್ಮ. ಅಂವ ನನ್ನ ಹರಕಿನೂ ಉಳಿಸಿದ, ಇಂಜಿನ್ನೂ ಉಳಿಸಿದ. ಹೇಳಲೇ ಇಲ್ಲ."

ಸುನಂದಾಳಿಗೆ ಮಾವನ ಮುಖ ನೆನಪಾಯಿತು. ಅಮಾವಾಸ್ಯೆಯ ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಕೂತು ರುಮಾಲು ಹಿಂಡುತ್ತಿದ್ದವನ ಮುಖ. ಯಾರಾದರೂ ಕೇಳಿದರೆ ನಗುತ್ತಿದ್ದ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಅಷ್ಟು ಕಾಲ, ಅಷ್ಟು ಸದ್ದಿಲ್ಲದೆ ಒಗೆದು ಒಣಹಾಕಬಹುದೆಂದು ಅವಳು ಎಣಿಸಿರಲಿಲ್ಲ. ತನಗಾಗಿ ಯಾರಾದರೂ ಹಾಗೆ ಮಾಡಿದ್ದಾರೆಯೇ ಎಂಬ ಪ್ರಶ್ನೆ ಬಂತು. ಅದನ್ನು ಅಲ್ಲಿಗೇ ಬಿಟ್ಟು ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡಳು.

"ಅಮರೇಶಗ ನೀ ಹೇಳಬ್ಯಾಡ" ಎಂದಳು ಇಂದ್ರಾಬಾಯಿ. "ನಾ ಹೇಳ್ತೇನಿ."

ರಾತ್ರಿ ಅಮರೇಶ ಊಟಕ್ಕೆ ಕೂತಾಗ ಮುದುಕಿ ಎದುರಿಗೆ ಬಂದು ಕೂತಳು. ಬಾಗಿದ ಸರಳನ್ನು ಅವನ ತಾಟಿನ ಪಕ್ಕಕ್ಕೇ ಇಟ್ಟಳು.

"ಇದೇನವ್ವಾ, ಊಟದಾಗ?"

"ಇದನ್ನ ಬಗ್ಗಿಸಿದಾಕಿ ನಿನ್ನ ಹೆಂಡತಿ ಅಲ್ಲ. ನಾನು."

"ನೀ ಯಾವಾಗ ಹ್ಯಾಂಡಲ್ ಹಿಡದಿ?"

"ಹ್ಯಾಂಡಲ್ ಅಲ್ಲೋ, ತೆಂಗಿನಕಾಯಿ." ಅವಳು ಎಲ್ಲವನ್ನೂ ಹೇಳಿದಳು. ರುಮಾಲಿನ ಮಾತು ಬಂದಾಗ ಅಮರೇಶ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಬಾಯಿಗೆ ಹಾಕುವುದನ್ನೇ ಮರೆತ. "ನಿನ್ನ ಹೆಂಡತಿಗೆ ಇದು ಮಧ್ಯಾನದಾಗಽ ಗೊತ್ತಿತ್ತು. ಆದ್ರೂ ನಿನ್ನ ಕಡಿಂದ ಬೈಸಿಕೊಂಡ್ಲು, ನನ್ನ ಹೆಸರ ಹೇಳಲಿಲ್ಲ. ಗುಜರಿಯಂವಗ ಫೋನ್ ಹಚ್ಚು, ಬರಬ್ಯಾಡ ಅನ್ನು. ಇಲ್ಲಾಂದ್ರ ಇಂಜಿನ್ನಿನ ಜೋಡಿ ನನ್ನೂ ತೂಕಕ್ಕ ಹಾಕು."

"ನಿನ್ನ ಯಾರು ತಗೋತಾರವ್ವಾ" ಎಂದ ಅಮರೇಶ, ನಗಲು ನೋಡುತ್ತ. ನಗು ಪೂರ್ತಿ ಬರಲಿಲ್ಲ. ಬಾಗಿಲ ಬಳಿ ನಿಂತ ಹೆಂಡತಿಯ ಕಡೆ ಒಮ್ಮೆ ನೋಡಿ, ತಾಟಿನ ಕಡೆ ಬಗ್ಗಿದ. ತಪ್ಪಾಯಿತು ಎಂಬ ಮಾತು ಅವನಿಗೆ ಬರುವುದಿಲ್ಲವೆಂದು ಸುನಂದಾಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಬೈಕಿನ ಮೇಲೆ ಕೂತವನು ಕಿಕ್ ಹೊಡೆಯುವ ಮೊದಲು ಕೇಳಿದ:

"ಸುನಂದಾ, ಇಂಜಿನ್ನಿಗೆ ಎಣ್ಣಿ ಬೇಕಿತ್ತೇನು? ಹುನಗುಂದದಿಂದ ತರ್ತೇನಿ."

"ತರ್ರಿ" ಎಂದಳು. ಅವನು ಹೆಸರು ಹಿಡಿದು ಕರೆದದ್ದು ಅವಳಿಗೆ ತಿಳಿದದ್ದು ಬೈಕು ಓಣಿಯ ತಿರುವು ದಾಟಿದ ಮೇಲೆ.

ಮುಂದಿನ ಅಮಾವಾಸ್ಯೆಗೆ ಇಂದ್ರಾಬಾಯಿ ಒಬ್ಬಳೇ ಗಿರಣಿಗೆ ಹೋಗಲಿಲ್ಲ. "ನೀನೂ ಬಾ" ಎಂದು ಸೊಸೆಯನ್ನು ಕರೆದಳು. ಟ್ರಂಕಿನಿಂದ ರುಮಾಲು ತೆಗೆದು, ಬಿಡಿಸಿ, ಒಂದು ಗಳಿಗೆ ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಮಡಚಿ ಮತ್ತೆ ಟ್ರಂಕಿಗೇ ಹಾಕಿದಳು. ತಳದಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದಳು. ಮೈಯೆಲ್ಲ ಸವೆದು ಜಾಳಾಗಿದ್ದರೂ ಕೆಂಪು ಸೆರಗು ಇನ್ನೂ ಗಟ್ಟಿಯಿತ್ತು. ಸೆರಗನ್ನು ಕತ್ತರಿಸಿಕೊಂಡಳು.

"ಅಯ್ಯ, ಅತ್ತಿ!"

"ಅವನ ರುಮಾಲ ಬೇಕಾದಷ್ಟ ನೀರ ಕುಡದೈತಿ. ಇನ್ನ ನನ್ನದು ಕುಡೀಲಿ."

ಇಂಜಿನ್ನಿನ ತಲೆಗೆ ಸೆರಗು ಸುತ್ತಿದಳು. ಸುತ್ತುವುದು ಅವಳಿಗೆ ಯಾರೂ ಕಲಿಸಿರಲಿಲ್ಲ, ಆದರೆ ಸಿಟ್ಟಿನಿಂದ ನೋಡಿದ್ದನ್ನೂ ಕಣ್ಣು ಮರೆಯುವುದಿಲ್ಲ. ಬಿಗಿಯಾಗಿ ಕೂತಿತು. ಒಂದೇ ಕಾಯಿ ಒಡೆದಳು. ನೀರು ಕೆಂಪು ಬಟ್ಟೆಯ ಮೇಲೆ ಹರಡಿ, ಕಪ್ಪಗಾಗಿ, ಅಲ್ಲೇ ಇಂಗಿತು. ಸುನಂದಾ ಬಗ್ಗಿ ಹೊಸ ಸರಳುಗಳ ಮೇಲೆ ಬೆರಳಾಡಿಸಿದಳು. ಒಣಗಿದ್ದವು.

ಮಧ್ಯಾಹ್ನ ಇಂದ್ರಾಬಾಯಿ ಹಿತ್ತಲ ಕಲ್ಲಿನ ಮೇಲೆ ಕೂತು ಆ ಸೆರಗನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಸೊಸೆಗೆ ಒಗೆಯಲು ಕೊಡಲಿಲ್ಲ. ಸರಿಯಾಗಿ ಒಗೆದಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹಗ್ಗದ ಗಂಟಿನಿಂದ ಒಂದು ಸಾಲು ಕೆಂಪಿರುವೆ ಹೊರಟು, ನಿಧಾನವಾಗಿ, ಸೆರಗಿನ ಕಡೆಗೆ ನಡೆಯುತ್ತಿತ್ತು.

"ಬಂದ್ವು ನೋಡವ್ವ" ಎಂದಳು ಮುದುಕಿ, ಕಟ್ಟೆಯ ಎರಡು ಮೆಟ್ಟಿಲಿಳಿದು ಹಗ್ಗದ ಹತ್ತಿರ ನಿಂತು. "ಇರಲಿ ಬಿಡು. ಇಲ್ಲಿ ತಿನ್ನಲಿ."